ಆರೋಗ್ಯ ವಿಚಾರ: ಜಠರದ ಗಂಟು ತೆಗೆಸಿದ ಬಳಿಕ ಬರುವ ಜ್ವರ

ಈಗ ದೊಡ್ಡ ಊರಿನ ದವಾಖಾನೆಗಳಲ್ಲಿ ಹೊಟ್ಟೆಯನ್ನು ಕೊಯ್ಯದೆಯೇ ಜಠರದೊಳಗಿನ ಗಂಟನ್ನೂ ಮೊಳಕೆಯಲ್ಲಿರುವ ಅರ್ಬುದವನ್ನೂ ತೆಗೆಯುವ ಕ್ರಮವುಂಟು. ಬಾಯಿಯಿಂದ ಎಂಡೊಸ್ಕೋಪ್ ಎಂಬ ನಳಿಕೆಯನ್ನು ಇಳಿಸಿ, ಲೋಳೆಪೊರೆಯ ಕೆಳಗೆ ದ್ರವವನ್ನು ತುಂಬಿ, ಉಬ್ಬಿದ ಗಂಟನ್ನು ಚಿಕ್ಕ ಅಲಗಿನಿಂದ ಒಂದೇ ತುಂಡಾಗಿ ಬಿಡಿಸುವ ಈ ವಿಧಾನವನ್ನು 1990ರ ದಶಕದ ಕೊನೆಯಲ್ಲಿ ಜಪಾನಿನ ವೈದ್ಯರು ಬೆಳೆಸಿದರು. ಮೈಮೇಲೆ ಗಾಯ ಕಾಣದಾದ್ದರಿಂದ ರೋಗಿಯು ಬೇಗನೆ ಮನೆಗೆ ಮರಳುವನು. ಆದರೆ ಒಳಗೆ ಹುಣ್ಣಿರುವುದೆಂಬುದನ್ನು ಮನೆಯವರು ಮರೆಯಲಾಗದು.

ಈ ಹುಣ್ಣಿನಿಂದ ರಕ್ತ ಸೋರುವುದು ಹಾಗೂ ಜಠರದ ಗೋಡೆ ತೂತಾಗುವುದು ವೈದ್ಯರು ಮುಖ್ಯವಾಗಿ ಎಣಿಸುವ ಅಪಾಯಗಳು. ಜಠರದ ಆಮ್ಲವು ಸೂಕ್ಷ್ಮಜಂತುಗಳನ್ನು ಕೊಲ್ಲುವುದರಿಂದ ಹುಣ್ಣು ಕೀವಾಗುವುದು ಬಹು ವಿರಳ. ಆದರೂ ಒಮ್ಮೊಮ್ಮೆ ಸ್ಟ್ರೆಪ್ಟೊಕಾಕಸ್ ಮೊದಲಾದ ಜಂತುಗಳು ಗೋಡೆಯೊಳಗೆ ಹೊಕ್ಕು, ಅದು ದಪ್ಪಗೆ ಬಾತು ಕೀವು ತುಂಬುವುದುಂಟು. ಇದಕ್ಕೆ ಫ್ಲೆಗ್ಮೊನಸ್ ಗ್ಯಾಸ್ಟ್ರೈಟಿಸ್ ಎಂದು ಹೆಸರು. ಜಂತುಗಳು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ಮಧುಮೇಹಿಗಳೂ ಮದ್ಯಪಾನಿಗಳೂ ರೋಗನಿರೋಧ ಶಕ್ತಿ ಕುಂದಿದವರೂ ಹೆಚ್ಚು ಎಚ್ಚರದಿಂದಿರತಕ್ಕದ್ದು. ಹುಣ್ಣು ಮಾಯಲೆಂದು ಕೊಡುವ ಆಮ್ಲ ತಗ್ಗಿಸುವ ಗುಳಿಗೆಗಳನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು.

ಗೃಹಸ್ಥರು ಗಮನಿಸಬೇಕಾದ ಲಕ್ಷಣಗಳು ಇವು: ಚಳಿಯೊಡನೆ ಬರುವ ಜ್ವರ, ಮೇಲ್ಹೊಟ್ಟೆಯಲ್ಲಿ ಏರುತ್ತಿರುವ ಬೇನೆ, ನಿಲ್ಲದ ವಾಂತಿ. ಮಲವು ಡಾಂಬರಿನಂತೆ ಕಪ್ಪಾದರೆ ಅದು ರಕ್ತಸ್ರಾವದ ಗುರುತು. ಜ್ವರವೆಲ್ಲವೂ ಕೀವಿನದಲ್ಲ, ಆದರೆ ಅದನ್ನು ನಿರ್ಣಯಿಸುವವರು ವೈದ್ಯರೇ ಹೊರತು ನಾವಲ್ಲ. ಸಿ.ಟಿ. ಚಿತ್ರದಲ್ಲಿ ಗೋಡೆಯ ಬಾವು ಕಾಣುವುದು. ಬೇಗನೆ ಗುರುತಿಸಿದರೆ ನರದ ಮೂಲಕ ಕೊಡುವ ಪ್ರತಿಜೈವಿಕ ಔಷಧದಿಂದಲೇ ಅನೇಕರು ಗುಣ ಹೊಂದುವರು; ತಡವಾದರೆ ಶಸ್ತ್ರಕ್ರಿಯೆಯೂ ಬೇಕಾಗಬಹುದು.

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳ ನಮ್ಮ ವಾಚಕರಿಗೆ ಇದು ವಿಶೇಷವಾಗಿ ಅನ್ವಯಿಸುವುದು. ಹಿರೇಕೆರೂರಿನಿಂದ ಹುಬ್ಬಳ್ಳಿಗೆ 100 ಕಿಲೋಮೀಟರಿಗೂ ಮಿಕ್ಕಿದ ದಾರಿ. "ಒಂದು ಗುಳಿಗೆ ನುಂಗಿಸಿ ನಾಳೆ ನೋಡೋಣ" ಎನ್ನುವಷ್ಟರಲ್ಲಿ ರಾತ್ರಿ ಕಳೆದುಹೋಗುವುದು. ಗುಳಿಗೆಯು ಜ್ವರವನ್ನು ಮರೆಮಾಡುವುದೇ ಹೊರತು ಕೀವನ್ನು ಕರಗಿಸಲಾರದು. ಕೆಲವು ನೋವಿನ ಗುಳಿಗೆಗಳಂತೂ ಹುಣ್ಣಿನಿಂದ ರಕ್ತ ಹರಿಸುವುವು. ಆದುದರಿಂದ ದವಾಖಾನೆಯಿಂದ ಹೊರಡುವಾಗಲೇ ಬಿಡುಗಡೆಯ ಕಾಗದವನ್ನೂ ವೈದ್ಯರ ದೂರವಾಣಿ ಸಂಖ್ಯೆಯನ್ನೂ ಕೇಳಿ ಪಡೆಯಿರಿ. ಜ್ವರ ಕಂಡೊಡನೆ ಅವರಿಗೆ ತಿಳಿಸಿರಿ. ಬೇನೆ ಉಲ್ಬಣಿಸಿದರೆ 108ಕ್ಕೆ ಕರೆಮಾಡಿ, ಆ ಕಾಗದವನ್ನು ರೋಗಿಯೊಡನೆಯೇ ಕಳುಹಿಸಿರಿ. ಒಳಗೆ ಏನು ಕೊಯ್ದಿದೆಯೆಂಬುದು ಹೊಸ ವೈದ್ಯರಿಗೆ ಅದರಿಂದಲೇ ತಿಳಿಯಬೇಕು.