ನೂಲಿನಂತೆ ಸೀರೆಯೋ?

"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಹುಡುಗಿಯು ಪಾಠವನ್ನು ಮರೆತರೆ, "ಇವಳ ತಾಯಿಗೂ ನೆನಪು ನಿಲ್ಲುತ್ತಿರಲಿಲ್ಲ, ರಕ್ತದಲ್ಲಿ ಬಂದುದನ್ನು ತಿದ್ದುವದು ಹೇಗೆ?" ಎಂದು ಮನೆಯವರು ಕೈಬಿಡುವದುಂಟು. ಮಗ್ಗಿ ಮರೆತು ಇದೇ ಶಾಲೆಯಲ್ಲಿ ತಲೆ ತಗ್ಗಿಸಿ ನಿಂತವಳಾದ ನನಗೆ ಆ ಮಾತಿನ ನೋವು ಗೊತ್ತು. ಆದುದರಿಂದ ಅದರಲ್ಲಿ ಸತ್ಯವೆಷ್ಟೆಂದು ವಿಚಾರಿಸುವದು ಯುಕ್ತವೆಂದು ಎಣಿಸುತ್ತೇನೆ.

ಸತ್ಯವು ಇಲ್ಲದೆ ಇಲ್ಲ. ಜ್ಞಾಪಕಶಕ್ತಿಯಲ್ಲಿ ಜನರೊಳಗೆ ಕಾಣುವ ಭೇದದ ಒಂದು ದೊಡ್ಡ ಪಾಲು ವಂಶದಿಂದ ಬಂದದ್ದೆಂದು ಅವಳಿಗಳ ಪರೀಕ್ಷೆಗಳಿಂದ ತಿಳಿದುಬಂದಿದೆ. ಮೆದುಳಿನೊಳಗೆ ಹಿಪ್ಪೊಕ್ಯಾಂಪಸ್ ಎಂಬ ಚಿಕ್ಕ ಭಾಗವುಂಟು. ಹೊಸ ಸಂಗತಿಗಳನ್ನು ನೆನಪಿನಲ್ಲಿ ನೆಲೆಗೊಳಿಸುವದು ಅದರ ಮುಖ್ಯ ಕೆಲಸ. ಬಿ.ಡಿ.ಎನ್.ಎಫ್. ಎಂಬ ಜೀನಿನ ಒಂದು ರೂಪವುಳ್ಳವರಲ್ಲಿ ಈ ಭಾಗದ ಕಾರ್ಯವೂ, ನಡೆದ ಸಂಗತಿಗಳ ಸ್ಮರಣೆಯೂ ಸರಾಸರಿಯಲ್ಲಿ ತುಸು ಭಿನ್ನವಾಗಿವೆಯೆಂದು 2003ರಲ್ಲಿ ಅಮೇರಿಕದ ವಿದ್ವಾಂಸರು ಪ್ರಕಟಿಸಿದರು. 2006ರಲ್ಲಿ ಸ್ವಿಟ್ಜರ್ಲೆಂಡಿನ ತರುಣ ತರುಣಿಯರ ಪರೀಕ್ಷೆಯಲ್ಲಿ, ಕಿಬ್ರಾ ಎಂಬ ಜೀನಿಗೂ ಶಬ್ದಗಳ ನೆನಪಿಗೂ ಸಂಬಂಧವು ಕಂಡುಬಂತು. ಆದರೆ ಮುಂದೆ ಅನೇಕ ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ ಇಂಥ ಒಂದೊಂದು ಜೀನಿನ ಪ್ರಭಾವವು ಅತ್ಯಲ್ಪವೆಂದು ತಿಳಿಯಿತು. ಸೀರೆಯಲ್ಲಿ ಸಾವಿರಾರು ಎಳೆಗಳಿರಲು, ಒಂದೇ ಎಳೆಯನ್ನು ಹಿಡಿದು ಅದಕ್ಕೆ ಬೆಲೆ ಕಟ್ಟುವದುಂಟೇ?

ಇನ್ನೊಂದು ಸಂಗತಿ. ಎ.ಪಿ.ಓ.ಇ. ಎಂಬ ಜೀನಿನ ಇ4 ರೂಪವು ಮುಪ್ಪಿನಲ್ಲಿ ಆಲ್ಜೈಮರ್ ಎಂಬ ಮರೆವಿನ ರೋಗದ ಅಪಾಯವನ್ನು ಹೆಚ್ಚಿಸುತ್ತದೆ. 20ರಿಂದ 35 ವರುಷದ ಆರೋಗ್ಯವಂತರ ಮೇಲೆ ಇಂಗ್ಲೆಂಡಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಈ ರೂಪವುಳ್ಳವರ ಮೆದುಳಿನ ಕೆಲವು ಭಾಗಗಳು ವಿಶ್ರಾಂತಿಯ ಸಮಯದಲ್ಲಿ ಇತರರಿಗಿಂತ ಹೆಚ್ಚಾಗಿ ಜೊತೆಗೂಡಿ ಕೆಲಸಮಾಡುತ್ತಿದ್ದವು. ಹೀಗಿದ್ದರೂ ಅವರ ನೆನಪಿನ ಶಕ್ತಿಯಲ್ಲಿ ಯಾವ ಭೇದವೂ ಕಾಣಲಿಲ್ಲ. ಮೆದುಳಿನ ಸಂಪರ್ಕದಲ್ಲಿ ಭೇದವಿದ್ದ ಮಾತ್ರಕ್ಕೆ ಬುದ್ಧಿಯಲ್ಲಿ ಕೊರತೆಯುಂಟೆಂದು ತೀರ್ಮಾನಿಸುವದು ಅವಿವೇಕವೆಂಬದಕ್ಕೆ ಇದೇ ಸಾಕ್ಷಿ.

ಅಭ್ಯಾಸವು ಏನು ಮಾಡಬಲ್ಲದೆಂಬದನ್ನೂ ನೋಡಿರಿ. ಲಂಡನ್ ಪಟ್ಟಣದ ಟ್ಯಾಕ್ಸಿ ಚಾಲಕರು ಪರವಾನಗಿ ಪಡೆಯಬೇಕಾದರೆ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಹೀಗೆ ಕಲಿಯುತ್ತಿದ್ದ 79 ಮಂದಿಯನ್ನು ಕೆಲವು ವರುಷ ಪರೀಕ್ಷಿಸಿದ ಫಲವು 2011ರಲ್ಲಿ ಪ್ರಕಟವಾಯಿತು. ಮೊದಲಲ್ಲಿ ಅವರ ಮೆದುಳುಗಳಲ್ಲಿ ಭೇದವಿರಲಿಲ್ಲ. ಕೊನೆಯಲ್ಲಿ, ತೇರ್ಗಡೆಯಾದ 39 ಮಂದಿಯ ಹಿಪ್ಪೊಕ್ಯಾಂಪಸಿನ ಹಿಂಭಾಗವು ಬೆಳೆದಿತ್ತು. ಅವರು ಚಿಕ್ಕ ಮಕ್ಕಳಲ್ಲವೆಂಬದನ್ನು ಮರೆಯಬಾರದು.

ಎಲ್ಲರೂ ಸಮಾನರೆಂದು ನಾನು ಹೇಳುವದಿಲ್ಲ. ಒಬ್ಬಳಿಗೆ ಎರಡು ಸಾರಿ ಓದಿದರೆ ಸಾಕು, ಮತ್ತೊಬ್ಬಳಿಗೆ ಹತ್ತು ಸಾರಿ ಬೇಕು. ಹತ್ತು ಸಾರಿ ಬೇಕಾದವಳಿಗೆ ಹೆಚ್ಚು ಸಮಯ ಕೊಡಬೇಕೇ ಹೊರತು ಶಾಲೆ ಬಿಡಿಸಬಾರದು. ಮಗುವಿನ ಎಂಜಲನ್ನು ಪರೀಕ್ಷಿಸಿ ಬುದ್ಧಿಯ ಭವಿಷ್ಯ ಹೇಳುವೆವೆಂದು ಹಣ ಕೇಳುವವರು ಈಗ ಇದ್ದಾರೆ. ಆ ಹಣದಿಂದ ಪುಸ್ತಕ ಕೊಳ್ಳಿರಿ. ಸಂಜೆ ಒಂದು ಗಂಟೆ ಮನೆಗೆಲಸದಿಂದ ಅವಳನ್ನು ಬಿಡಿಸಿರಿ. ಪುಸ್ತಕ ಮುಚ್ಚಿ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಿಸಿರಿ. ರಾತ್ರಿ ಚೆನ್ನಾಗಿ ನಿದ್ರಿಸಗೊಡಿಸಿರಿ, ಯಾಕಂದರೆ ನಿದ್ರೆಯಲ್ಲಿಯೇ ನೆನಪು ಗಟ್ಟಿಯಾಗುವದು.

ನೂಲು ತಾಯ್ತಂದೆಗಳಿಂದ ಬಂದೀತು. ನೇಯ್ಗೆಯು ಇನ್ನೂ ಮಗ್ಗದ ಮೇಲಿದೆ. ಅರ್ಧದಲ್ಲಿ ಅದನ್ನು ಕತ್ತರಿಸದಿರೋಣ.