ಶಾಸನವಲ್ಲದ ಶಾಸನ ನಿರ್ಣಯ

ಮರಾಠಿಯಲ್ಲಿ 'ಶಾಸನ' ಅಂದರೆ ಸರಕಾರ. ನಮ್ಮ ಕನ್ನಡದಲ್ಲಿ ಶಾಸನ ಅಂದರೆ ಕಾಯ್ದೆ, ಇಲ್ಲವೇ ಕಲ್ಲಿನ ಮೇಲೆ ಕೊರೆದ ಬರಹ. ಮಂದ್ರೂಪದಂಥ ಊರಲ್ಲಿ ಎರಡೂ ಭಾಷೆ ಒಂದೇ ಬಾಯಿಯೊಳಗೆ ಇರುವುದರಿಂದ ಈ ಶಬ್ದ ನಮಗೆ ಚಲೋ ಮೋಸ ಮಾಡತದ. 'ಶಾಸನ ನಿರ್ಣಯ ಬಂತು' ಅಂದ ಕೂಡಲೇ ಮುಂಬಯಿಯೊಳಗೆ ಆಮದಾರರು ಕೂತು, ವಾದ ಮಾಡಿ, ಕೈ ಎತ್ತಿ ಪಾಸು ಮಾಡಿದ ಕಾಯ್ದೆ ಅಂತ ತಿಳೀತೀವಿ. ಅಲ್ಲ. ಅದು ಮಂತ್ರಾಲಯದ ಒಂದು ಖಾತೆ ರಾಜ್ಯಪಾಲರ ಹೆಸರಿನಲ್ಲಿ ಹೊರಡಿಸಿದ ಆದೇಶ. ಕೆಳಗೆ ಒಬ್ಬ ಅಧಿಕಾರಿಯ ಸಹಿ ಇರತದ, ಮುಗೀತು.

ಈ ಮಾತು ತೆಗೆಯಲಿಕ್ಕೆ ಕಾರಣ ನಮ್ಮ ವಾಚನಾಲಯದ ಬಾಕಿನ ಮೇಲೆ ನಡೆದ ಒಂದು ಜಗಳ. ಅಮೆರಿಕದ ಹೊಸ ಅಧ್ಯಕ್ಷ ಟ್ರಂಪ್ 2025ರ ಜನೆವರಿ 20ಕ್ಕೆ ಪ್ರಮಾಣವಚನ ತಗೊಂಡ ದಿನವೇ 26 ಆದೇಶಗಳಿಗೆ ಸಹಿ ಮಾಡಿದ್ದನ್ನು ನೆನೆಸಿ ಒಬ್ಬ ತಮ್ಮಂದಿರು ಅಂದರು: "ನೋಡ್ರಿ ಗುರುಗಳ, ಹಿಂಗ ಇರಬೇಕು. ಕುರ್ಚಿ ಮ್ಯಾಲ ಕೂತ ದಿನಾನ ಸಹಿ ಹೊಡದು ಎಲ್ಲಾ ಬದಲ ಮಾಡಿದ. ನಮ್ಮ ಕನ್ನಡ ಸಾಳಿಗೋಳ ಸಲುವಾಗೂ ಇಂಥಾ ಒಬ್ಬಾಂವ ಬರಬೇಕ್ರಿ." ನಾಲ್ಕು ಮಂದಿ ತಲೆ ಹಾಕಿದರು. ನನಗೆ ಸಿಟ್ಟು ಬಂತು, ಆದರೆ ಅವತ್ತು ಉತ್ತರ ಸರಿಯಾಗಿ ಕೊಡಲಿಕ್ಕೆ ಆಗಲಿಲ್ಲ. ಇಲ್ಲಿ ಕೊಡತೀನಿ.

ಮೊದಲು ಆ ಟ್ರಂಪನ ಸಹಿಯನ್ನೇ ನೋಡೋಣ. ಮೊದಲ ದಿನದ ಒಂದು ಆದೇಶ ಹಿಂದಿನ ಅಧ್ಯಕ್ಷ ಬೈಡನ್ ಮಾಡಿದ್ದ 78 ಆದೇಶಗಳನ್ನು ರದ್ದು ಮಾಡಿತು. ಅಂದರೆ ಆತನೂ ಹೀಂಗೇ ಸಹಿ ಹಾಕಿದ್ದ, ಈತ ಅಳಿಸಿದ. ಮುಂದೆ ಮಾರ್ಚ್ 1ಕ್ಕೆ ಇಂಗ್ಲಿಷೇ ದೇಶದ ಅಧಿಕೃತ ಭಾಷೆ ಅಂತ ಇನ್ನೊಂದು ಆದೇಶ. ಅಲ್ಲಿಯ ಕಾಂಗ್ರೆಸ್ಸಿನೊಳಗೆ ಈ ಬಗೆಯ ಮಸೂದೆ ಹಲವು ಸಲ ಬಂದಿತ್ತು, ಒಮ್ಮೆಯೂ ಕಾಯ್ದೆ ಆಗಿರಲಿಲ್ಲ. ಸಭೆ ಕೊಡದ್ದನ್ನು ಪೆನ್ನು ಕೊಟ್ಟಿತು. ಅದೇ ಕಾಗದ 2000ದಲ್ಲಿ ಕ್ಲಿಂಟನ್ ಮಾಡಿದ್ದ ಆದೇಶವನ್ನು ಹೊಡೆದು ಹಾಕಿತು. ಇಂಗ್ಲಿಷು ಚೆನ್ನಾಗಿ ಬರದವರಿಗೂ ಸರಕಾರಿ ಸೇವೆ ತಿಳಿಯುವಂತೆ ಕೊಡಬೇಕು ಅನ್ನುವ ಆದೇಶ ಅದು. ಒಂದು ಸಹಿಯಿಂದ ಬಂದಿದ್ದ ಆದೇಶ ಇನ್ನೊಂದು ಸಹಿಯಿಂದ ಹೋಯಿತು.

ಈಗ ನಮ್ಮ ಮನೆಗೆ ಬರೋಣ. 2024ರ ಡಿಸೆಂಬರ್ 5ಕ್ಕೆ ಫಡಣವೀಸರ ಹೊಸ ಸರಕಾರ ಬಂತು. 2025ರ ಏಪ್ರಿಲ್ 16ಕ್ಕೆ ಶಾಸನ ನಿರ್ಣಯ: ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಸಾಲೆಗಳಲ್ಲಿ ಒಂದನೇತ್ತೆಯಿಂದ ಐದನೇತ್ತೆವರೆಗೆ ಹಿಂದಿ ಮೂರನೆಯ ಕಡ್ಡಾಯ ಭಾಷೆ. ಗದ್ದಲ ಎದ್ದಿತು. ವಾರದೊಳಗೆ ಶಿಕ್ಷಣ ಮಂತ್ರಿ 'ಕಡ್ಡಾಯ' ಶಬ್ದಕ್ಕೆ ತಡೆ ಅಂದರು. ಜೂನ್ 17ಕ್ಕೆ ತಿದ್ದಿದ ನಿರ್ಣಯ: ಹಿಂದಿ 'ಸಾಮಾನ್ಯವಾಗಿ' ಮೂರನೆಯ ಭಾಷೆ, ಬೇರೆ ಭಾರತೀಯ ಭಾಷೆ ಬೇಕಾದರೆ ಒಂದು ವರ್ಗದೊಳಗೆ 20 ಮಕ್ಕಳಾದರೂ ಕೇಳಬೇಕು. ಮತ್ತ ಗದ್ದಲ. ಜೂನ್ 29ಕ್ಕೆ ಎರಡೂ ರದ್ದು, ನರೇಂದ್ರ ಜಾಧವರ ಸಮಿತಿ. ಪಾವಸಾಳಿ ಅಧಿವೇಶನ ಸುರುವಾದದ್ದು ಮರುದಿನ, ಜೂನ್ 30ಕ್ಕೆ!

ಏಪ್ರಿಲ್‌ದಿಂದ ಜೂನ್‌ವರೆಗೆ ಎರಡೂವರೆ ತಿಂಗಳು. ಹತ್ತರಸಂಗ ಕೂಡಲದ ಗುಡಿಯೊಳಗಿನ 1018ರ ಮರಾಠಿ ಶಾಸನ ಸಾವಿರ ವರ್ಷ ಮಳೆ ಬಿಸಿಲು ತಿಂದು ನಿಂತದ. ಅದೇ ತಾಲೂಕಿನ ಸಾಲೆಗಳಿಗೆ ಬಂದ ಶಾಸನ ನಿರ್ಣಯಕ್ಕೆ ಒಂದು ಪಾವಸಾಳಿ ಕಾಣುವ ತಾಕತ್ತು ಇರಲಿಲ್ಲ.

ರದ್ದಾದದ್ದು ಚಲೋನೇ ಆಯಿತು ಅಂತೀರಿ. ಆರು ವರ್ಷದ ಕೂಸಿನ ಮೇಲೆ ಮೂರು ಭಾಷೆ ಹೇರಬಾರದು ಅಂತ ನಾನೂ ಅಂತೀನಿ. ಆದರೆ ತಂದದ್ದೂ ಸಹಿ, ತೆಗೆದದ್ದೂ ಸಹಿ. ಮುಂಬಯಿ ಬೀದಿಗೆ ಇಳಿಯುವ ದೊಡ್ಡ ದನಿಯವರು ಇದ್ದರು, ತೆಗೆದರು. ಮರಾಠಿಗೆ ಆ ದನಿ ಅದ. ನಾಳೆ ನಮ್ಮ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡ ಸಾಲೆಗಳ ಮೇಲೆ ಇಂಥದೊಂದು ಕಾಗದ ಬಂದರೆ ಯಾವ ಮೋರ್ಚಾ ಬರತದ?

"ನಮಗೇನ್ರೀ, ನಮ್ಮ ಸಾಳ್ಯಾಗ ಮೊದಲೇ ಕನ್ನಡ, ಮರಾಠಿ, ಇಂಗ್ಲಿಷ್ ಮೂರು ಅದಾವಲ್ಲ, ಈ ಆದೇಶ ನಮಗ ಹತ್ತಂಗಿಲ್ಲ" ಅಂದವರೂ ಆ ಬಾಕಿನ ಮೇಲೆ ಇದ್ದರು. ಹೌದು, ಹತ್ತಲಿಲ್ಲ. ಆದರೆ ಆ '20 ಮಕ್ಕಳು' ಅನ್ನೋ ಮಾತನ್ನು ಇನ್ನೊಮ್ಮೆ ಓದಿರಿ. ನಮ್ಮ ಕನ್ನಡ ಸಾಲೆಗಳೊಳಗೆ ಎಷ್ಟು ವರ್ಗದಲ್ಲಿ 20 ಹುಡುಗರು ಕೂತಾರ, ನೀವೇ ಎಣಿಸಿರಿ. ಒಂದು ಭಾಷೆ ಉಳೀಬೇಕೋ ಬ್ಯಾಡೋ ಅನ್ನೋದಕ್ಕೆ ಒಬ್ಬ ಅಧಿಕಾರಿ ಅಂಕಿ ಬರೆಯಬಹುದು ಅನ್ನೋದು ಅಲ್ಲಿ ಒಮ್ಮೆ ರೂಢಿ ಆಯಿತೆಂದರೆ, ಅಂಕಿ ಬದಲಾಯಿಸಲಿಕ್ಕೆ ಎಷ್ಟು ಹೊತ್ತು?

ನನ್ನ ತಪ್ಪನ್ನೂ ಹೇಳಿಬಿಡತೀನಿ. ನಾನು ನೌಕರಿಯಲ್ಲಿದ್ದಾಗ, ಒಂದು ಕನ್ನಡ ಸಾಲೆಗೆ ಕನ್ನಡ ಬರುವ ಮಾಸ್ತರನ್ನು ಕೊಡತೀವಿ ಅಂತ ಮೇಲಿನ ಕಚೇರಿಯಿಂದ ಪತ್ರ ಬಂತು. ಯಾವ ಕಚೇರಿ ಅನ್ನೋದು ಬ್ಯಾಡ. ನಾನೇ ಪೇಢೆ ಹಂಚಿದೆ. ಯಾವ ನಿಯಮದಡಿ ಕೊಟ್ಟಿರಿ, ಎಷ್ಟು ವರ್ಷಕ್ಕೆ ಅಂತ ಕೇಳಲಿಲ್ಲ. ನಮಗೆ ಬೇಕಾದ್ದೇ ಬಂದಾಗ ಯಾರು ಕೇಳತಾರ? ಎಂಟು ತಿಂಗಳಿಗೆ ಇನ್ನೊಂದು ಪತ್ರ, ಅದೇ ಅಳತೆ, ಅದೇ ಶಿಕ್ಕಾ. ಮಾಸ್ತರು ಬೇರೆ ಊರಿಗೆ. ಎರಡನೇತ್ತೆ ಹುಡುಗಿ ಒಬ್ಬಳು ದಿನಾ ಕೇಳುತ್ತಿದ್ದಳು, "ನಮ್ಮ ಗುರುಗಳು ಸೂಟಿ ಮುಗಿಸಿ ಯಾವಾಗ ಬರತಾರ್ರಿ?" ಪೇಢೆ ತಿಂದವರು ಯಾರೂ ಆ ಹುಡುಗಿಗೆ ಉತ್ತರ ಕೊಡಲಿಲ್ಲ, ನಾನೂ ಕೊಡಲಿಲ್ಲ.

ಆದೇಶವೇ ಬ್ಯಾಡ ಅಂತ ನಾನು ಅನ್ನೋದಿಲ್ಲ. 2025ರ ಸೆಪ್ಟೆಂಬರದಲ್ಲಿ ಸೀನಾ ಉಕ್ಕಿ ಹೊಲ ಮುಳುಗಿದಾಗ, ಪರಿಹಾರಕ್ಕೆ ಅಧಿವೇಶನ ಕೂಡಲಿ ಅಂತ ಕಾಯಲಿಕ್ಕೆ ಆಗತದೇನು? ಕಾಯ್ದೆಯೊಳಗೆ ಇದ್ದದ್ದನ್ನು ಜಾರಿ ಮಾಡಲಿಕ್ಕೆ ಆದೇಶ ಬೇಕೇ ಬೇಕು. ಕಾಯ್ದೆಯ ಜಾಗಾದಲ್ಲಿ ಆದೇಶ ಕೂಡ್ರಬಾರದು, ಅಷ್ಟೇ. ಇದೇ ಮಹಾರಾಷ್ಟ್ರ 2020ರಲ್ಲಿ ಎಲ್ಲ ಸಾಲೆಗಳಿಗೂ ಮರಾಠಿ ಕಡ್ಡಾಯ ಮಾಡಿದಾಗ ವಿಧಿಮಂಡಲದ ಎರಡೂ ಸದನಗಳಲ್ಲಿ ಕಾಯ್ದೆ ಪಾಸು ಮಾಡಿತು. ಆ ಕಾಯ್ದೆ ಹಿಡಿಸಲಿ ಬಿಡಲಿ, ಅದನ್ನು ತೆಗೆಯಬೇಕಾದರೆ ಮತ್ತೆ ಎರಡು ಸದನದ ಮುಂದೆ ಬರಬೇಕು. ನಮ್ಮ ಆಮದಾರರು ಆಗ ಬಾಯಿ ತೆಗೆದರೋ ಇಲ್ಲೋ ಅನ್ನೋದು ಬರಹದಲ್ಲಿ ಉಳಿಯತದ. ಮರಾಠಿಗೆ ಕಲ್ಲಿನ ಶಾಸನ, ಕನ್ನಡಕ್ಕೆ ಕಾಗದದ ನಿರ್ಣಯ ಯಾಕೆ?

ಭೀಮಾ ದಾಟಿದರೂ ಬ್ಯಾರೆ ಇಲ್ಲ. ಕರ್ನಾಟಕದಲ್ಲಿ 2022ರಲ್ಲಿ ಒಂದು ಸರಕಾರ ಪಠ್ಯಪುಸ್ತಕಕ್ಕೆ ಪಾಠ ಸೇರಿಸಿತು, 2023ರಲ್ಲಿ ಇನ್ನೊಂದು ಬಂದು ತೆಗೆಯಿತು. ನಮ್ಮ ಮಕ್ಕಳ ಕನ್ನಡ ಪುಸ್ತಕ ಬಾಲಭಾರತಿಯವು, ಆ ಗಾಳಿ ಇಲ್ಲಿಗೆ ತಾಕಲಿಲ್ಲ.

ಸಂವಿಧಾನದ 350ಎ ಕಲಮು ಅದ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ತಾಯಿಭಾಷೆಯಲ್ಲಿ ಕೊಡಲಿಕ್ಕೆ ರಾಜ್ಯಗಳು ಪ್ರಯತ್ನ ಮಾಡಬೇಕು, ಅದಕ್ಕೆ ರಾಷ್ಟ್ರಪತಿಗಳು ನಿರ್ದೇಶನ ಕೊಡಬಹುದು ಅಂತದ. 1956ರಲ್ಲಿ, ಭಾಷೆ ನೋಡಿ ರಾಜ್ಯಗಳನ್ನು ಹೋಳು ಮಾಡಿದಾಗಲೇ, ಗಡಿಯಾಚೆ ಉಳಿದವರ ಸಲುವಾಗಿ ಸೇರಿಸಿದ್ದು. ಸಹಿ ಹಾಕುವ ಅಧ್ಯಕ್ಷನನ್ನು ಅಮೆರಿಕದಲ್ಲಿ ಹುಡುಕುವ ತಮ್ಮಂದಿರು ಮೊದಲು ಇದನ್ನು ಓದಲಿ. 'ಪ್ರಯತ್ನ' ಅನ್ನೋ ಆ ಮೆತ್ತನ್ನ ಶಬ್ದವನ್ನು ಗಟ್ಟಿ ಮಾಡೋದು ವಿಧಾನಸಭೆಯ ಕೆಲಸ. ಕನ್ನಡ ಸಾಲೆಗೆ ಕನ್ನಡ ಬರುವ ಮಾಸ್ತರು, ಅವರ ಜಾಗಾ ಖಾಲಿ ಬಿಡಬಾರದು, ವರ್ಗದಲ್ಲಿ ಎಷ್ಟೇ ಮಕ್ಕಳಿರಲಿ: ಇದಿಷ್ಟು ಕಾಯ್ದೆಯೊಳಗೆ ಬರಬೇಕು.

ಮುಂದಿನ ಗ್ರಾಮಸಭೆಗೆ ಇದರ ಠರಾವು ಬರೆದು ಇಟ್ಟೀನಿ, ಒಂದು ಪ್ರತಿ ಕನ್ನಡದಲ್ಲಿ, ಒಂದು ಮರಾಠಿಯಲ್ಲಿ. ಏಪ್ರಿಲ್ ಮತ್ತು ಜೂನ್ ನಿರ್ಣಯಗಳ ಪ್ರತಿಗಳೂ ವಾಚನಾಲಯದ ಕಪಾಟಿನೊಳಗೆ, ಅದೇ ಫೈಲಿನಲ್ಲಿ ಅದಾವ. ಜಗಳ ಸುರು ಮಾಡಿದ ತಮ್ಮಂದಿರು ಮೊದಲು ಓದಲಿ, ಮೊದಲ ಸಹಿ ಅವರೇ ಮಾಡಲಿ.