ರಕ್ತ ಕೊಟ್ಟ ಮನೆಗೆ ಉತ್ತರವೂ ಬರಲಿ

ಸಾಗರ ತಾಲೂಕಿನ ಹಂದಿಗೋಡು ಹೊರಗಿನವರಿಗೆ ಗೊತ್ತಿರುವುದು ಒಂದು ಕಾಯಿಲೆಯ ಹೆಸರಾಗಿ. 1970ರ ದಶಕದಲ್ಲಿ ಅಲ್ಲಿನ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ಕೀಲು ಸವೆದು ಜನ ಕೋಲೂರಿ ನಡೆಯುವಂತಾಯಿತು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಗುಮಾನಿ ಮೊದಲಿಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು, ಐಸಿಎಂಆರ್ ತಂಡಗಳು ಬಂದವು. ಇದು ವಂಶವಾಹಿಯಲ್ಲಿ ಬರುವ ಮೂಳೆಯ ದೋಷ, ತಂದೆ-ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದಾಯಿತು. ವಿಜ್ಞಾನಕ್ಕೆ ದೊಡ್ಡ ಉತ್ತರವೇ. ಮನೆಯವರ ದೂರು ಬೇರೆ: ಬಂದವರೆಲ್ಲ ರಕ್ತ ತೆಗೆದುಕೊಂಡು ಹೋದರು, ತಮ್ಮ ಕೈಗೆ ಮದ್ದು ಬರಲಿಲ್ಲ. ಊರಿನ ಹೆಸರು ಮಾತ್ರ ರೋಗಕ್ಕೆ ಅಂಟಿ ಉಳಿಯಿತು.

ಈಗ ಇದನ್ನು ಎತ್ತಲು ಕಾರಣವಿದೆ. ಜಿನೋಮ್ ಇಂಡಿಯಾ ಯೋಜನೆಯ 10,000 ಭಾರತೀಯರ ವಂಶವಾಹಿ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದರು. ಇನ್ನು ಮಕ್ಕಳ, ಅವರ ಮನೆಯವರ ಸರದಿ. ಕರಾವಳಿಯ ನಮಗೆ ದೂರವೆನಿಸುವ ದೇವದುರ್ಗದ ಮಸರಕಲ್‌ನಂಥ ಊರಿಗೂ ನಾಳೆ ಒಂದು ತಂಡ ಬರಬಹುದು. ಬರಲಿ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಕೇಳಿದ್ದೂ ಒಳ್ಳೆಯ ವೈದ್ಯ ವಿಜ್ಞಾನ ತಮ್ಮ ಜಿಲ್ಲೆಗೆ ಬರಲಿ ಎಂದೇ. ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನರು ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಎಲ್ಲವೂ ಕಬ್ಬಿಣದ ಮಾತ್ರೆಗೆ ವಾಸಿಯಾಗುವುದಿಲ್ಲ. ಥಲಸ್ಸೇಮಿಯಾ, ಸಿಕಲ್ ಸೆಲ್ ಇದ್ದರೆ ಪರೀಕ್ಷೆಯಿಂದಲೇ ತಿಳಿಯಬೇಕು. ಬಾಗಿಲು ಮುಚ್ಚಿ ಎಂದು ನಾವು ಹೇಳುತ್ತಿಲ್ಲ.

ಆದರೆ 'ರಕ್ತ ಯಾಕ ತಗೀತೀರಿ?' ಎಂದು ಮಸರಕಲ್‌ನ ತಾಯಿ ಕೇಳಿದರೆ ಅವಳ ಮಾತಿನಲ್ಲೇ ಉತ್ತರ ಸಿಗಬೇಕು. ಮನೆಯಲ್ಲಿ ದಖನಿ ಆಡುವವರಿಗೆ ದಖನಿಯಲ್ಲಿ, ಇಲ್ಲಿ ನಮ್ಮ ಉಮ್ಮಂದಿರಿಗೆ ಬ್ಯಾರಿಯಲ್ಲಿ. ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ. ಮಗುವನ್ನೂ ಕೇಳಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದವರ ಸಮ್ಮತಿ ಬಾಯಿಮಾತಿನಲ್ಲಿ, ಅಲ್ಲಿಂದ 18ರವರೆಗೆ ಬರಹದಲ್ಲಿ ಬೇಕು; ಪೋಷಕರ ಒಪ್ಪಿಗೆ ಅದರ ಜೊತೆಗೆ. ಸೂಜಿ ಚುಚ್ಚುವಾಗ 'ಸುಮ್ನಿರು' ಅನ್ನುವ ನಮ್ಮ ಅಭ್ಯಾಸಕ್ಕೆ ಇದು ಹೊಸದು, ನಿಜ.

ಹೆಚ್ಚು ಕಾಳಜಿ ಬೇಕಾದದ್ದು ಫಲಿತಾಂಶ ಬಂದ ಮೇಲೆ. ರಕ್ತಸಂಬಂಧದ ಮದುವೆ ದಕ್ಷಿಣದಲ್ಲಿ ಎಲ್ಲ ಸಮುದಾಯಗಳಲ್ಲೂ ಇದೆ. ಅಕ್ಕನ ಮಗಳನ್ನು ತರುವವರು ಕೆಲವರು, ನಮ್ಮಲ್ಲಿ ಮಾವನ, ಅತ್ತೆಯ ಮಕ್ಕಳು. ಹಾಗಾಗಿ ಬೆರಳು ಒಂದೇ ಮನೆಯತ್ತ ತೋರಬೇಡಿ. ಥಲಸ್ಸೇಮಿಯಾ ವಾಹಕಿ ಎಂದರೆ ರೋಗಿ ಅಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇದನ್ನು ಬಿಡಿಸಿ ಹೇಳದೆ ಚೀಟಿ ಕೈಗಿಟ್ಟು ಹೋದರೆ, ಹುಡುಗಿಯ ಹೆಸರು ಊರೆಲ್ಲ ಸುತ್ತುತ್ತದೆ, ಬಂದ ಸಂಬಂಧ ಮುರಿಯುತ್ತದೆ. ಹುಡುಗನೂ ವಾಹಕನೇ ಅಂತ ಯಾರೂ ವಿಚಾರಿಸುವುದಿಲ್ಲ!

ಆದ್ದರಿಂದ ತಂಡ ಬಂದಾಗ ಜಮಾಅತ್‌ನವರು, ಪಂಚಾಯ್ತಿಯವರು, ಆಶಾ ಕಾರ್ಯಕರ್ತೆಯರು ಮೊದಲೇ ಕೇಳಿಡಲಿ: ಫಲಿತಾಂಶ ಯಾವಾಗ, ಯಾರ ಕೈಗೆ? ರೋಗ ಸಿಕ್ಕರೆ ಚಿಕಿತ್ಸೆ ಎಲ್ಲಿ, ಖರ್ಚು ಯಾರದು? ಉಳಿದ ರಕ್ತವನ್ನು ಬೇರೆ ಅಧ್ಯಯನಕ್ಕೆ ಬಳಸುವ ಮುಂಚೆ ಮತ್ತೆ ಕೇಳುತ್ತಾರಾ? ಇಷ್ಟಕ್ಕೆ ಉತ್ತರವಿಲ್ಲದ ತಂಡವನ್ನು ಚಹಾ ಕುಡಿಸಿ ಕಳಿಸಬಹುದು.